ನರದ ಡಾಕ್ಟರಿಗೆ, ನನ್ನ ಹತ್ತು ಬೆರಳುಗಳ ಪರವಾಗಿ

ಪ್ರತಿ ತಿಂಗಳ ಎರಡನೆಯ ಭಾನುವಾರ ಹೈದರಾಬಾದಿನಿಂದ ಸೇಡಂಗೆ ದಯಮಾಡಿಸಿ, ನಮ್ಮಂಥವರ ತಲೆಯೊಳಗೆ ಏನು ನಡೆದಿದೆ ಎಂಬುದನ್ನು ನಮಗಿಂತ ಮೊದಲೇ ತಿಳಿದು ಹೇಳುವ ನರರೋಗ ತಜ್ಞರಾದ ಡಾಕ್ಟರ್ ಸಾಹೇಬರಿಗೆ, ಚಿತ್ತಾಪುರ ತಹಶೀಲ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವ ವಿಮಲಾಬಾಯಿಯ ಶರಣು ಶರಣಾರ್ಥಿ.

ಮಾನ್ಯರೇ,

ಕಳೆದ ಶಿಬಿರದಲ್ಲಿ ತಮ್ಮ ಕಂಪೌಂಡರ್ ಭಗವಂತ ಅವರು ರೋಗಿಗಳಿಗೆಲ್ಲ ಒಂದೊಂದು ಅಭಿಪ್ರಾಯ ಚೀಟಿ ಹಂಚಿದರು. ಅದರಲ್ಲಿ ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ ಎಂದು ಮೂರು ಚಿತ್ರಗಳಿದ್ದು, ಒಂದಕ್ಕೆ ಗುರುತು ಹಾಕಿ, ಹೆಚ್ಚಿನ ವಿಷಯವಿದ್ದರೆ ಕೆಳಗಿನ ಎರಡು ಗೆರೆಗಳಲ್ಲಿ ಬರೆಯಬೇಕೆಂದು ಸೂಚನೆಯಿತ್ತು. ನನಗೆ ಮೂರೂ ಮುಖಗಳಿಗೆ ಗುರುತು ಹಾಕುವ ಮನಸ್ಸಾಯಿತು. ವಿಷಯವಂತೂ ಎರಡು ಗೆರೆಯಲ್ಲಿ ಹಿಡಿಸುವಂಥದ್ದಲ್ಲ. ಇಪ್ಪತ್ತೊಂದು ವರ್ಷದಿಂದ ಊರವರ ತಕರಾರುಗಳನ್ನೆಲ್ಲ ವಿನಯಪೂರ್ವಕವಾಗಿ ಬರೆದುಕೊಟ್ಟ ನನಗೆ ನನ್ನದೇ ತಕರಾರು ಬರೆಯುವ ಸರದಿ ಇದೇ ಮೊದಲ ಸಲ ಬಂದಿರುವುದರಿಂದ, ಒಕ್ಕಣೆಯಲ್ಲಿ ಲೋಪವಿದ್ದರೆ ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ತಮ್ಮ ಫೈಲಿನಲ್ಲಿ ನಾನು ಎಂಟು ವರ್ಷದಿಂದ ಇದ್ದೇನೆ. ಆದರೂ ಈ ಪತ್ರವನ್ನು ನಾಲ್ಕು ಜನ ಓದಲೆಂದು ಬಹಿರಂಗವಾಗಿ ಬರೆಯುತ್ತಿರುವುದರಿಂದ ಎರಡು ಮಾತು ಹೇಳಿಕೊಳ್ಳಬೇಕಾಗಿದೆ. ಬೇವಿನ ಮರದ ಕೆಳಗಿನ ಮೇಜು ನಮ್ಮ ತಂದೆ ಜಗದೇವಪ್ಪನವರದು. ಅವರು ತೀರಿಕೊಂಡ ಮೇಲೆ, ಹೆಣ್ಣುಮಗಳು ಕಚೇರಿ ಎದುರು ಕೂತು ಅರ್ಜಿ ಬರೆಯುವುದೇ ಎಂದು ಕೇಳಿದವರಿಗೆಲ್ಲ ಅರ್ಜಿ ಬರೆದುಕೊಡುತ್ತ ನಾನು ಅಲ್ಲಿ ಕೂತೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಆಗುತ್ತದೆ ಎನ್ನುತ್ತಾರೆ, ಆಗುವುದೂ ನಿಜ, ಆದರೆ ಕಂಪ್ಯೂಟರಿಗೆ ಏನು ಹೇಳಬೇಕೆಂದು ಗೊತ್ತಿಲ್ಲದವರು ಮೊದಲು ನನ್ನ ಹತ್ತಿರ ಬಂದು ಬರೆಸಿಕೊಂಡು, ಆಮೇಲೆ ಪಕ್ಕದ ರಶೀದಾಬೇಗಂ ಅವರ ಝೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಕಾಳಗಿ ಬೇರೆ ತಾಲ್ಲೂಕಾದ ಮೇಲೆ ಆ ಕಡೆಯ ಜನ ಬರುವುದು ನಿಂತರೂ, ದಿನಕ್ಕೆ ಇಪ್ಪತ್ತು ಅರ್ಜಿಗಳಿಗೆ ಕೊರತೆಯಿರಲಿಲ್ಲ. ನನ್ನ ಅಕ್ಷರ ದುಂಡಗೆ ಇರುತ್ತಿತ್ತು. ತಹಶೀಲ್ದಾರರು ಬದಲಾದಾಗಲೆಲ್ಲ ಹೊಸಬರು, ಇದು ಯಾರ ಅಕ್ಷರ ಎಂದು ಒಮ್ಮೆಯಾದರೂ ಕೇಳಿಸಿದ್ದಾರೆ. ಹೊಗಳಿಕೊಳ್ಳುತ್ತಿರುವುದಕ್ಕೆ ಕ್ಷಮಿಸಬೇಕು. ನಾನು ಕಳೆದುಕೊಂಡದ್ದು ಏನೆಂಬುದು ದಾಖಲೆಯಲ್ಲಿರಲಿ ಎಂದು ಬರೆದೆ.

ಮೊದಲಿಗೆ ತಮ್ಮ ಉಪಕಾರ ಸ್ಮರಿಸಬೇಕು. ಇದರಲ್ಲಿ ಕೊಂಕಿಲ್ಲ. ಎರಡು ಸಾವಿರದ ಹದಿನೇಳರ ಬೇಸಿಗೆಯಲ್ಲಿ ನನ್ನ ಬಲಗಣ್ಣಿಗೆ ಮಂಜು ಕವಿದು, ಬರೆದ ಸಾಲುಗಳು ಒಂದಕ್ಕೆರಡಾಗಿ ಕಾಣತೊಡಗಿದವು. ತಿಂಗಳೊಪ್ಪತ್ತಿನಲ್ಲಿ ಎಡಗಾಲಿನಲ್ಲಿ ಇರುವೆ ಹರಿದಂತಾಗಿ, ಚಪ್ಪಲಿ ಕಾಲಿನಿಂದ ಜಾರಿಹೋದರೂ ತಿಳಿಯದ ಸ್ಥಿತಿ ಬಂತು. ಊರಿನಲ್ಲಿ ಕೆಲವರು ನಿಶ್ಶಕ್ತಿ ಎಂದರು, ಕೆಲವರು ಬಿಸಿಲು ಎಂದರು. ತಾವು ಮಾತ್ರ ನನ್ನನ್ನು ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆಸಿ, ಬೆನ್ನುಹುರಿಯ ನೀರು ಪರೀಕ್ಷಿಸಿ, ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರೆ ಎಂ.ಎಸ್. ಎಂದು ಹೆಸರು ಎಂದಿರಿ. ಬೆದರಿ ಕೂತಿದ್ದ ನನಗೂ ನನ್ನ ಯಜಮಾನರಾದ ಅಶೋಕಕುಮಾರರಿಗೂ ತಾವು ನಮ್ಮ ಕಡೆಯ ಮಾತಿನಲ್ಲಿಯೇ ತಿಳಿಸಿದ್ದು ಇವತ್ತಿಗೂ ಕಿವಿಯಲ್ಲಿದೆ: "ಮೈ ಕಾಯೋ ಪೊಲೀಸ್‌ರೇ ದಿಕ್ಕು ತಪ್ಪಿ ನಿಮ್ಮ ಮನಿ ವೈರಿನ ಮ್ಯಾಲಿನ ರಬ್ಬರ್ ಕೀಳ್ಲಿಕತ್ತಾರ. ಅವ್ರನ್ನ ತಡೀಬಹುದು, ಹೆದರಬ್ಯಾಡ್ರಿ." ತಡೆದಿರಿ ಕೂಡ. ತಾವು ಬರೆದ ಇಂಜೆಕ್ಷನ್ನಿನಿಂದ ಐದು ವರ್ಷ ನಾನು ಸ್ವಲ್ಪ ಕಾಲೆಳೆಯುತ್ತ, ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು ಸುಸ್ತಾಗುತ್ತ, ಆದರೆ ನನ್ನ ಕಾಲ ಮೇಲೆಯೇ ನಡೆದು ಮೇಜಿಗೆ ಬಂದೆ. ಮೂರು ತಿಂಗಳಿಗೊಮ್ಮೆ ಪ್ಯಾಸೆಂಜರ್ ಹತ್ತಿ ಸೇಡಂಗೆ ಬಂದು ತಮ್ಮ ನಾಲ್ಕು ನಿಮಿಷದ ದರ್ಶನ ಪಡೆದು ಹೋಗುತ್ತಿದ್ದೆ. ಅರವತ್ತು ಜನ ಹೊರಗೆ ಕಾದಿರುವಾಗ ನಾಲ್ಕು ನಿಮಿಷ ಕಡಿಮೆಯೆಂದು ನಾನು ಯಾವತ್ತೂ ಅಂದವಳಲ್ಲ.

ಮುಂದೆ ನಡೆದದ್ದು ಹೀಗೆ. ಎರಡು ಸಾವಿರದ ಇಪ್ಪತ್ತೆರಡರ ಚಳಿಗಾಲದಲ್ಲಿ, ಬೆಳಿಗ್ಗೆ ಎದ್ದಾಗ ನನ್ನ ಬೆರಳುಗಳು ಬಿಚ್ಚಿಕೊಳ್ಳದಾದವು. ರಾತ್ರಿಯೆಲ್ಲ ಯಾರೋ ಮುಷ್ಟಿ ಹಿಡಿದು ಕೂತಂತೆ ಬಿಗಿದುಕೊಂಡು, ಬಿಸಿನೀರಿನಲ್ಲಿ ಅದ್ದಿಟ್ಟರೂ ಹತ್ತು ಗಂಟೆಯವರೆಗೆ ಪೆನ್ನು ಹಿಡಿಯಲು ಒಪ್ಪುತ್ತಿರಲಿಲ್ಲ. ಬೆರಳ ಬುಡದ ಗಂಟುಗಳು ಎರಡೂ ಕೈಯಲ್ಲಿ ಒಂದೇ ಸಮ ಉಬ್ಬಿದವು. ಮುಂಗೈ ಕೀಲು ಕೆಂಪಾಗಿ ಬಿಸಿಯಾಯಿತು. ಜೋಳದ ಹಿಟ್ಟು ಬಡಿಯಲು ಅಂಗೈ ಊರಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಇವರು, ಅಂದರೆ ಅಶೋಕಕುಮಾರರು, ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದಿನವಿಡೀ ನಿಂತು ದುಡಿಯುವವರು, ಮಾತು ಕಡಿಮೆ. ಒಂದು ದಿನ ಏನೂ ಹೇಳದೆ ನನ್ನ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡು ತಾವೇ ರೊಟ್ಟಿ ಬಡಿಯಲು ಕೂತರು. ಅವರ ಮೊದಮೊದಲಿನ ರೊಟ್ಟಿಗಳು ಬೀದರ್ ಜಿಲ್ಲೆ ಹರಿದುಹೋದ ಕರ್ನಾಟಕದ ನಕಾಶೆಯಂತೆ ಇರುತ್ತಿದ್ದವು. ಈಗ ಬೀದರ್ ಸೇರಿಕೊಂಡಿದೆ.

ಈ ವಿಷಯವನ್ನು ನಾನು ತಮ್ಮ ಗಮನಕ್ಕೆ ತರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಎರಡು ಸಾವಿರದ ಇಪ್ಪತ್ಮೂರರ ಫೆಬ್ರವರಿ ಶಿಬಿರದಲ್ಲಿ, ಸಾಹೇಬರ, ಬೆರಳು ಉಬ್ಬ್ಯಾವ, ಮುಂಜಾನಿ ಬಿಚ್ಚಂಗಿಲ್ಲ ಎಂದು ಅರಿಕೆ ಮಾಡಿಕೊಂಡೆ. ತಾವು ಬೆಳಕಿಗೆ ಹಿಡಿದಿದ್ದ ನನ್ನ ಮಿದುಳಿನ ಚಿತ್ರದಿಂದ ಕಣ್ಣು ಕೀಳದೆ ಉತ್ತರ ದಯಪಾಲಿಸಿದಿರಿ: "ಎಂ.ಎಸ್. ಇದ್ದೋರಿಗೆ ಇವೆಲ್ಲ ಇದ್ದದ್ದೇ ಅದ. ಒಂದೊಂದಕ್ಕೂ ತಲಿ ಕೆಡಿಸ್ಕೋಬಾರ್ದು." ಊರಿನಲ್ಲಿ ಕೈ ನೋಡಿ ಭವಿಷ್ಯ ಹೇಳುವವರು ಹಲವರಿದ್ದಾರೆ. ಆದರೆ ಅವರಿಗೂ ನೋಡಲಿಕ್ಕೆ ಒಂದು ಕೈ ಬೇಕಾಗುತ್ತದೆ. ಕೈಯನ್ನು ನೋಡದೆಯೇ ಕೈ ನೋವಿನ ಕಾರಣ ಹೇಳಿದ ಮಹನೀಯರನ್ನು ನಾನು ಕಂಡದ್ದು ಅದೇ ಮೊದಲು. ನರದ ನೋವಿಗೆಂದು ಒಂದು ಮಾತ್ರೆ ಬರೆದಿರಿ. ಮೇ ತಿಂಗಳಲ್ಲಿ ಮತ್ತೆ ಹೇಳಿದಾಗ, ಬಿಸಿಲಿಗೆ ಎಂ.ಎಸ್. ಹೆಚ್ಚಾಗುವುದು ಸಹಜವೆಂದು ಅದೇ ಮಾತ್ರೆಯನ್ನು ದ್ವಿಗುಣಗೊಳಿಸಿದಿರಿ. ಆಗಸ್ಟಿನಲ್ಲಿ, ಬಾಯಿಮಾತು ತಮ್ಮಂಥ ಉನ್ನತ ಸ್ಥಾನಕ್ಕೆ ತಲುಪುವುದಿಲ್ಲವೇನೋ ಎಂದು ತಿಳಿದು, ನಾನು ಎರಡೂ ಕೈಗಳನ್ನು ತಮ್ಮ ಮೇಜಿನ ಮೇಲೆ ಗಂಟು ಕಾಣುವಂತೆ ಚಾಚಿ ಇಟ್ಟು ಸುಮ್ಮನೆ ಕೂತೆ. ತಾವು ಬಹಳ ಮೃದುವಾಗಿ, ಯಾವುದೇ ಅಸಹನೆ ತೋರದೆ, ಆ ಕೈಗಳನ್ನು ಬದಿಗೆ ಸರಿಸಿ, ಆ ಜಾಗದಲ್ಲಿ ನನ್ನ ಮಿದುಳಿನ ಹೊಸ ಚಿತ್ರವನ್ನು ಹರಡಿದಿರಿ. ಹೊಸ ಕಲೆ ಒಂದೂ ಬಂದಿಲ್ಲ, ಖುಷಿಯಾಗಿರಿ ಎಂದು ಹೇಳಿ ಕಳಿಸಿದಿರಿ.

ಮಾತ್ರೆಯ ಗುಣವನ್ನು ಹೇಳದಿದ್ದರೆ ಕೃತಘ್ನಳಾಗುತ್ತೇನೆ. ಅದು ನೋವನ್ನು ಇದ್ದಲ್ಲಿಯೇ ಬಿಟ್ಟು, ನನ್ನನ್ನು ಮಾತ್ರ ಮಲಗಿಸುತ್ತಿತ್ತು. ಆ ಜೊಂಪಿನಲ್ಲಿ ಒಮ್ಮೆ ಒಬ್ಬ ವಿಧವೆಯ ಪಿಂಚಣಿ ಅರ್ಜಿಯಲ್ಲಿ ಮೃತರ ಹೆಸರಿನ ಜಾಗದಲ್ಲಿ ಆಕೆಯ ಹೆಸರನ್ನೂ, ಅರ್ಜಿದಾರರ ಜಾಗದಲ್ಲಿ ಸತ್ತ ಗಂಡನ ಹೆಸರನ್ನೂ ಬರೆದುಬಿಟ್ಟೆ. ಕಚೇರಿಯೊಳಗೆ ಹೋಗಿ ನಗೆಪಾಟಲಾಗಿ ಬಂದ ಆ ತಾಯಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಕಾಗದ ಮೇಜಿನ ಮೇಲಿಟ್ಟು, "ಬರೀವಾಗ ಖಬರ್ ಇರಲಿ ಯವ್ವಾ. ನಿನ್ನ ಕಾಗದದಾಗ ನಾ ಸತ್ತೀನಿ" ಎಂದಳು. ಅವತ್ತು ನನಗೆ ನಿಜವಾಗಿಯೂ ಭಯವಾಯಿತು. ತಂದೆಯವರ ಮೇಜಿಗೆ ಅದುವರೆಗೆ ಅಂಥ ಮಾತು ಬಂದಿರಲಿಲ್ಲ.

ಮತ್ತೊಂದು ಭಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೈ ನೋವು ಎಂ.ಎಸ್.ನದೇ ಎಂದು ತಾವು ಹೇಳಿದ್ದನ್ನು ನಾನು ಪೂರ್ತಿ ನಂಬಿದ್ದೆ. ನಂಬಿದ್ದರಿಂದಲೇ, ರೋಗ ಕಾಲಿನಿಂದ ಕೈಗೆ ಏರಿದೆ, ಇನ್ನು ಕೈಯೂ ಹೋಗುತ್ತದೆ, ಆಮೇಲೆ ಉಳಿದದ್ದೂ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಇವರು ನನ್ನ ತಲೆ ಬಾಚುವಾಗ, ಸೀರೆಯ ನೆರಿಗೆ ಹಿಡಿದುಕೊಡುವಾಗ, ನಾನು ಗೋಡೆ ನೋಡುತ್ತ ಕೂತಿರುತ್ತಿದ್ದೆ. ಮೇಜಿನ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಅಂಬಾರಾಯ ಎಂಬ ನಿವೃತ್ತ ಗುಮಾಸ್ತರಿಗೆ, ಶ್ರಾವಣ ಮುಗಿದ ಮೇಲೆ ನೀವೇ ಕೂತುಕೊಳ್ಳಿ ಎಂದು ಮಾತನ್ನೂ ಕೊಟ್ಟುಬಿಟ್ಟೆ. ತಾವು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದನ್ನು ನಾನು ಒಂದೂವರೆ ವರ್ಷ ಬದುಕಿದೆ ಎಂಬುದನ್ನು ಸವಿನಯವಾಗಿ ನಿವೇದಿಸಿಕೊಳ್ಳುತ್ತೇನೆ.

ಎರಡು ಸಾವಿರದ ಇಪ್ಪತ್ನಾಲ್ಕರ ಜುಲೈ ತಿಂಗಳಿನ ಒಂದು ಬೆಳಿಗ್ಗೆ ನಾನು ಮೇಜಿನ ಮುಂದೆ ಕೂತು, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವುಗಳ ನಡುವೆ ಪೆನ್ನು ಸಿಕ್ಕಿಸುತ್ತಿದ್ದೆ. ರಶೀದಾಬೇಗಂ ಅವರು ಅಂಗಡಿಯ ಬಾಗಿಲು ಎತ್ತುತ್ತಿದ್ದವರು ಇದನ್ನು ನೋಡಿ, ಹತ್ತಿರ ಬಂದು ಕೂತು, ಕೇಳದೆ ನನ್ನ ಕೈ ಹಿಡಿದರು. ಬೆರಳ ಬುಡವನ್ನು ಮೆಲ್ಲಗೆ ಒತ್ತಿದರು. ಮುಂಗೈಯ ಮೇಲೆ ತಮ್ಮ ಅಂಗೈ ಇಟ್ಟು ಬಿಸಿ ನೋಡಿದರು. "ನರದ ಬ್ಯಾನಿ ಆದ್ರ ಹಿಂಗ ಬಿಸಿ ಯಾಕ ಇರ್ತದ ಅಕ್ಕಾ? ನಮ್ಮ ಅಮ್ಮಿ ಕೈ ಹಿಂಗೇ ಇದ್ದವು. ಆಕಿದು ಸಂದು ರೋಗ ಇತ್ತು. ನಾವು ತಡಾ ಮಾಡಿದ್ವಿ, ಆಕಿ ಕಡೀತನಕ ಚಾ ಕಪ್ಪು ಹಿಡೀಲಿಲ್ಲ." ನಾನು ತಮ್ಮ ಮಾತನ್ನೇ ಅವರಿಗೆ ಹೇಳಿದೆ, ಎಂ.ಎಸ್. ಇದ್ದವರಿಗೆ ಇವೆಲ್ಲ ಇದ್ದದ್ದೇ ಎಂದು. ಅದಕ್ಕೆ ಅವರು, ಡಾಕ್ಟರ್ ಸಾಹೇಬರು ಹಿಡಿದು ನೋಡಿ ಹೇಳಿದರೋ, ಹಾಗೆಯೇ ಹೇಳಿದರೋ ಎಂದು ಕೇಳಿದರು. ಹದಿನೆಂಟು ತಿಂಗಳಲ್ಲಿ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಎತ್ತಿದ ಬಾಗಿಲನ್ನು ಹಾಗೆಯೇ ಇಳಿಸಿ ಅವರು ನನ್ನನ್ನು ಕಲಬುರಗಿ ಬಸ್ಸು ಹತ್ತಿಸಿದರು.

ಕಲಬುರಗಿಯ ಸಂಧಿರೋಗ ತಜ್ಞೆ ಡಾಕ್ಟರ್ ಭಾಗ್ಯಜ್ಯೋತಿಯವರ ಒಂದು ದುರಭ್ಯಾಸವನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಅವರು ಫೈಲನ್ನು ತೆರೆಯುವ ಮೊದಲು ರೋಗಿಯನ್ನು ನೋಡುತ್ತಾರೆ. ಮನೆಮಂದಿಯನ್ನು ಮಾತಾಡಿಸುವಂತೆ ನನ್ನ ಒಂದೊಂದು ಕೀಲನ್ನೂ ಬೇರೆಬೇರೆಯಾಗಿ ಒತ್ತಿ ವಿಚಾರಿಸಿದರು. ರಕ್ತ ತೆಗೆಸಿದರು, ಕೈಗಳ ಎಕ್ಸ್‌ರೇ ತೆಗೆಸಿದರು. ನನಗೆ ಎಂ.ಎಸ್.ನ ಜೊತೆಗೆ ರುಮಟಾಯ್ಡ್ ಸಂಧಿವಾತವಿದೆ, ಅದು ಈಗಾಗಲೇ ಬಲಗೈಯ ಎರಡು ಬೆರಳುಗಳ ಬುಡದ ಮೂಳೆಯನ್ನು ಅಂಚಿನಲ್ಲಿ ತಿಂದಿದೆ ಎಂದು ಹೇಳಿದರು.

ಅದನ್ನು ಕೇಳಿ ನಾನು ಅತ್ತೆ. ರಶೀದಾಬೇಗಂ ಅವರು ಗಾಬರಿಯಾಗಿ ಸಮಾಧಾನ ಮಾಡಿದರು. ಆದರೆ ನಾನು ಅತ್ತದ್ದು ದುಃಖಕ್ಕಲ್ಲ. ಎರಡನೆಯ ರೋಗ ಬಂದಿದೆಯೆಂದು ಸಂತೋಷಪಟ್ಟ ರೋಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನೊಬ್ಬಳೇ ಇರಬೇಕು. ನನ್ನ ನರ ಸತ್ತಿಲ್ಲ, ಕೀಲು ಕೆಟ್ಟಿದೆ, ಕೆಟ್ಟದ್ದಕ್ಕೆ ಔಷಧಿಯಿದೆ. ಕಣ್ಣೊರೆಸಿಕೊಂಡ ಮೇಲೆ, ಒಂದೇ ಮೈಗೆ ಎರಡೆರಡು ಯಾಕೆ ಬಂದವು, ಒಂದು ಇನ್ನೊಂದನ್ನು ಕರೆಯಿತೇ ಎಂದು ಕೇಳಿದೆ. ಆಕೆ ಪ್ರಾಮಾಣಿಕವಾಗಿ ಹೇಳಿದರು: "ಎಂ.ಎಸ್. ಇದ್ದೋರಿಗೆ ಕೀಲಿನ ರೋಗ ಹೆಚ್ಚು ಬರ್ತದೇನು ಅಂತ ಇನ್ನೂ ನೋಡ್ಲಿಕತ್ತಾರ. ಕೆಲವರು ಹೌದಂತಾರ, ಕೆಲವರು ಅಲ್ಲಂತಾರ. ಆದ್ರ ಒಂದು ಅದ ಅಂತ ಇನ್ನೊಂದು ಬರಂಗಿಲ್ಲ ಅನ್ನೋ ಕಾಯ್ದೆ ಎಲ್ಲೂ ಇಲ್ಲ." ಜೊತೆಗೆ, ಎಡಗಾಲು ಎಳೆದು ನಡೆಯುವುದರಿಂದ ಬಲ ಮೊಣಕಾಲಿನ ಮೇಲೆ ಭಾರ ಬಿದ್ದು ಅದು ಬೇರೆಯೇ ಸವೆದಿದೆ, ಅದಕ್ಕೆ ವ್ಯಾಯಾಮ ಬೇಕು ಎಂದೂ ತಿಳಿಸಿದರು. ಎಂಟು ವರ್ಷದಿಂದ ನಾನು ತಮ್ಮ ಬಾಗಿಲಿನಿಂದ ಕುರ್ಚಿಯವರೆಗೆ ಹಾಗೆಯೇ ಕಾಲೆಳೆದು ಬರುತ್ತಿದ್ದೆ. ತಮಗೆ ಆ ನೋಟದಿಂದ ತೊಂದರೆಯಾಗಿಲ್ಲವೆಂದು ತಿಳಿದು ಸಮಾಧಾನವಾಗಿದೆ.

ಇಲ್ಲಿಂದ ನನ್ನ ಇನ್ನೊಂದು ಉದ್ಯೋಗ ಶುರುವಾಯಿತು. ಸಂಧಿವಾತಕ್ಕೆ ಕೊಡುವ ಔಷಧಿಗಳಲ್ಲಿ ಒಂದು ಗುಂಪು ಎಂ.ಎಸ್. ಇದ್ದವರಿಗೆ ಒಗ್ಗುವುದಿಲ್ಲ, ಮಲಗಿದ ರೋಗವನ್ನು ಅದು ಕೆರಳಿಸಬಹುದು, ಆದ್ದರಿಂದ ನರದ ಡಾಕ್ಟರ ಜೊತೆ ಮಾತಾಡದೆ ತಾನು ಮುಂದುವರಿಯುವುದಿಲ್ಲ ಎಂದು ಭಾಗ್ಯಜ್ಯೋತಿಯವರು ತಮಗೆ ಒಂದು ಪತ್ರ ಬರೆದರು. ಅದುವರೆಗೆ ಉಬ್ಬು ಇಳಿಯಲೆಂದು ನನಗೆ ತಾತ್ಕಾಲಿಕ ಮಾತ್ರೆ ಕೊಟ್ಟರು, ಅದರಿಂದ ನನ್ನ ಮುಖ ಊದಿ ಗುರುತು ಸಿಗದಂತಾಯಿತು. ಪತ್ರವನ್ನು ನಾನು ಸೇಡಂಗೆ ತಂದೆ. ಆ ಪತ್ರದಲ್ಲಿ ನಾಲ್ಕು ಔಷಧಿಗಳ ಹೆಸರು ಬರೆದು, ಯಾವುದು ಸುರಕ್ಷಿತ, ಯಾವುದು ಅಪಾಯ ಎಂದು ಕೇಳಲಾಗಿತ್ತು. ತಾವು ಅದರ ಕೆಳಗೆ 'ಅಭ್ಯಂತರವಿಲ್ಲ' ಎಂದು ಬರೆದು ರುಜು ಮಾಡಿ ಮರಳಿಸಿದಿರಿ. ಬೋರ್‌ವೆಲ್ ತೋಡಲು, ಕಾಂಪೌಂಡ್ ಕಟ್ಟಲು, ಟೆಂಟ್ ಹಾಕಲು ಅಭ್ಯಂತರವಿಲ್ಲವೆಂಬ ಪತ್ರಗಳನ್ನು ನಾನೇ ನೂರಾರು ಬರೆದಿದ್ದೇನೆ. ನನ್ನ ಮಿದುಳಿನ ಮೇಲೆ ಅಂಥದೊಂದು ಪತ್ರ ಹೊರಟಿದ್ದು ನನಗೂ ಹೆಮ್ಮೆಯ ವಿಷಯ. ಭಾಗ್ಯಜ್ಯೋತಿಯವರು ಅದನ್ನು ಎರಡು ಸಲ ಓದಿ, ಯಾವುದಕ್ಕೆ ಅಭ್ಯಂತರವಿಲ್ಲ ಎಂದು ತಿಳಿಯಲಿಲ್ಲ ಎಂದು ಮತ್ತೊಂದು ಪತ್ರ ಬರೆದರು. ಅದಕ್ಕೆ ತಾವು 'ನೋಡಲಾಗಿದೆ' ಎಂದಿರಿ. ಅವರು ಫೋನ್ ಮಾಡಿದಾಗ ತಾವು ಶಿಬಿರದಲ್ಲಿದ್ದಿರಿ. ಶಿಬಿರಕ್ಕೆ ಮಾಡಿದಾಗ ಹೊರಟುಹೋಗಿದ್ದಿರಿ. ಹೀಗೆ ನಾಲ್ಕು ತಿಂಗಳು, ಕಲಬುರಗಿಗೂ ಸೇಡಂಗೂ ನಡುವೆ, ಊದಿದ ಮುಖ ಹೊತ್ತ ಅಂಚೆಯವಳಾಗಿ ನಾನು ಓಡಾಡಿದೆ. ಕಾಲೆಳೆಯುವ ಅಂಚೆಯವಳಾದ್ದರಿಂದ ಸ್ವಲ್ಪ ವಿಳಂಬವೂ ಆಗಿರಬಹುದು.

ಡಿಸೆಂಬರಿನ ಎರಡನೆಯ ಭಾನುವಾರ ನಡೆದದ್ದಕ್ಕೆ ನಾನು ಕ್ಷಮೆ ಕೇಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ. ಅವತ್ತು ನನ್ನ ಜೊತೆ ರಶೀದಾಬೇಗಂ ಬಂದಿದ್ದರು. ನನ್ನ ನಾಲ್ಕು ನಿಮಿಷ ಮುಗಿದು ಭಗವಂತ ಅವರು ಮುಂದಿನ ನಂಬರು ಕೂಗಿದಾಗ ನಾನು ಕುರ್ಚಿಯಿಂದ ಏಳಲಿಲ್ಲ. ಮೊದಲೇ ಮಾತಾಡಿಕೊಂಡಿದ್ದಂತೆ ಭಾಗ್ಯಜ್ಯೋತಿಯವರಿಗೆ ನನ್ನ ಮೊಬೈಲಿನಿಂದ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ತಮ್ಮ ಮುಂದಿದ್ದ ನನ್ನ ಮಿದುಳಿನ ಚಿತ್ರದ ಮೇಲೆಯೇ ಇಟ್ಟೆ. ನನ್ನ ಜೀವನದಲ್ಲಿ ಯಾವ ಅಧಿಕಾರಿಯ ಎದುರೂ ಆಡದ ಮಾತು ಆಡಿದೆ: "ಸಾಹೇಬರ, ನನ್ನ ಮೈ ಒಂದೇ ಅದ. ಅದರ ಬಗ್ಗೆ ನೀವಿಬ್ಬರೂ ಮಾತಾಡ್ರಿ. ಮಾತು ಮುಗಿಯೋತನಕ ನಾ ಏಳಂಗಿಲ್ಲ." ಭಗವಂತ ಅವರು ನನ್ನನ್ನು ಎಬ್ಬಿಸಲು ಬಂದರು. ರಶೀದಾಬೇಗಂ ಅವರು ಬಾಗಿಲಿಗೆ ಅಡ್ಡ ನಿಂತು, ಎರಡೇ ನಿಮಿಷ ಭಯ್ಯಾ ಎಂದು ಬಹಳ ಗೌರವದಿಂದ ಹೇಳಿದರು; ಹನ್ನೊಂದು ನಿಮಿಷ ಹಾಗೆಯೇ ನಿಂತರು. ಹೊರಗಿನವರು ಗೊಣಗುತ್ತಿದ್ದರು.

ತಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದಿರಿ. ಅದರಲ್ಲಿ ನನಗೆ ತಿಳಿದದ್ದು ನನ್ನ ಹೆಸರು, ಮತ್ತು ಆಕೆ ಎರಡನೆಯ ಔಷಧಿಯ ಹೆಸರು ಓದಿದ ಕೂಡಲೇ ತಾವು ನೆಟ್ಟಗೆ ಕೂತು ಹೇಳಿದ 'ನೋ, ನೋ' ಎಂಬುದು. ಆಕೆಯ ದನಿ ಅಲ್ಲಿಯವರೆಗೂ ತಣ್ಣಗಿತ್ತು. ಆಗಲೂ ತಣ್ಣಗೇ ಕನ್ನಡಕ್ಕೆ ತಿರುಗಿ, "ಸರ್, ಅದಕ್ಕೂ ನೀವು ಅಭ್ಯಂತರ ಇಲ್ಲ ಅಂತ ಸಹಿ ಮಾಡೀರಿ" ಎಂದಿತು. ತಾವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಿ. ಮತ್ತೆ ಮಾತು ಮುಂದುವರಿಯಿತು, ಈ ಸಲ ನಿಧಾನವಾಗಿ, ತಾವೂ ಬರೆದುಕೊಳ್ಳುತ್ತ. ಫೋನ್ ಇಟ್ಟ ಮೇಲೆ ತಾವು ಕುರ್ಚಿಯನ್ನು ಈಚೆಗೆ ಎಳೆದುಕೊಂಡು ನನ್ನ ಕೈ ಕೇಳಿದಿರಿ. ಎರಡೂ ಕೊಟ್ಟೆ. ಒಂದೊಂದೇ ಗಂಟನ್ನು ಮುಟ್ಟಿ ನೋಡಿ, ತಲೆ ತಗ್ಗಿಸಿಕೊಂಡೇ ಹೇಳಿದಿರಿ: "ಚಿತ್ರ ನೋಡೋ ಗಡಿಬಿಡಿಯಾಗ ಕೈ ನೋಡೋದೇ ಬಿಟ್ಟೆ ನೋಡ್ರಿ." ಇಪ್ಪತ್ತೊಂದು ವರ್ಷದಲ್ಲಿ ನಾನು ಬರೆದ ಯಾವ ಅರ್ಜಿಗೂ ಇಷ್ಟು ಸ್ಪಷ್ಟ ಉತ್ತರ ಬಂದದ್ದು ನನಗೆ ನೆನಪಿಲ್ಲ. ತಮ್ಮ ಮೇಲಿನ ನನ್ನ ಸಿಟ್ಟಿಗೆ ಆ ಮಾತಿನಿಂದ ದೊಡ್ಡ ಅಡಚಣೆಯಾಗಿದೆ, ಅದಕ್ಕಾಗಿಯೇ ಈ ಪತ್ರ ಬರೆಯಲು ಇಷ್ಟು ತಡವಾಯಿತು.

ಆ ಹನ್ನೊಂದು ನಿಮಿಷದಲ್ಲಿ ತಾವಿಬ್ಬರೂ ಒಪ್ಪಿದ ಔಷಧಿ ಎರಡೂ ರೋಗಗಳಿಗೆ ಉಪಯೋಗಕ್ಕೆ ಬರುವಂಥದ್ದಂತೆ. ಆರು ತಿಂಗಳಿಗೊಮ್ಮೆ ಒಂದು ದಿನ ಮಲಗಿ ಸಲೈನಿನ ಹಾಗೆ ಏರಿಸಿಕೊಳ್ಳಬೇಕು. ಈವರೆಗೆ ಎರಡು ಸಲ ಏರಿಸಿಕೊಂಡಿದ್ದೇನೆ. ಮೂರನೆಯ ತಿಂಗಳಿಗೆ ಉಬ್ಬು ಇಳಿಯಿತು, ಬಿಸಿ ಹೋಯಿತು, ಮುಖ ನನ್ನದೇ ಆಗಿ ಮರಳಿತು. ಈಗ ಬೆಳಿಗ್ಗೆ ಎದ್ದರೆ ಬೆರಳುಗಳು ಅರ್ಧ ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತವೆ. ಮೂಳೆ ತಿಂದುಹೋದ ಎರಡು ಬೆರಳುಗಳು ಮಾತ್ರ ಓರೆಯಾಗಿಯೇ ಉಳಿದಿವೆ, ಮುಂಗೈ ಪೂರ್ತಿ ಮಡಚುವುದಿಲ್ಲ. ಅದು ಇನ್ನು ಸರಿಹೋಗುವುದಿಲ್ಲವೆಂದು ಭಾಗ್ಯಜ್ಯೋತಿಯವರು ಮುಚ್ಚಿಡದೆ ಹೇಳಿದ್ದಾರೆ. ಇವರು ಪೆನ್ನಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಟ್ಟಿದ್ದಾರೆ. ಇಪ್ಪತ್ತು ಅರ್ಜಿಗಳ ಜಾಗದಲ್ಲಿ ಏಳು ಆಗುತ್ತವೆ. ಅಕ್ಷರ ಬಲಕ್ಕೆ ವಾಲುತ್ತದೆ. ಹೊಸ ತಹಶೀಲ್ದಾರರು ಬಂದು ಎಂಟು ತಿಂಗಳಾಯಿತು, ಇದು ಯಾರ ಅಕ್ಷರ ಎಂದು ಕೇಳಿಸಿಲ್ಲ. ಅಂಬಾರಾಯರಿಗೆ ಕೊಟ್ಟ ಮಾತನ್ನು ಹಿಂತೆಗೆದುಕೊಂಡೆ. ಅವರು ಬೇಸರಿಸದೆ, ಈಗ ಮಧ್ಯಾಹ್ನದ ಮೇಲೆ ಮೇಜಿನ ಇನ್ನೊಂದು ಬದಿಗೆ ಕೂತು, ನಾನು ಹೇಳಿದ್ದನ್ನು ಬರೆಯುತ್ತಾರೆ. ಅವರಿಗೆ ಅಕ್ಷರವಿದೆ, ಒಕ್ಕಣೆಯಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇಂತಿವೆ. ಒಬ್ಬ ರೋಗಿಗೆ ಒಂದೇ ರೋಗ ಎಂಬ ನಿಯಮವನ್ನು ತಾವು ಪಾಲಿಸುತ್ತ ಬಂದಿರುವುದು ಸರಿಯೇ, ಆದರೆ ರೋಗಗಳಿಗೆ ಅದರ ತಿಳಿವಳಿಕೆ ಪತ್ರ ತಲುಪಿದಂತಿಲ್ಲವಾದ್ದರಿಂದ, ದಯಮಾಡಿ ಅವುಗಳಿಗೆ ಕೂಡಲೇ ಒಂದು ಸುತ್ತೋಲೆ ಹೊರಡಿಸಬೇಕು. ಅದು ಆಗದಿದ್ದರೆ, ನನ್ನ ಕೈಗಳಿಗೂ ಮೊಣಕಾಲಿಗೂ ತಲೆಯಿಂದ ಪ್ರತ್ಯೇಕವಾಗಿ ಬೇರೆಬೇರೆ ಟೋಕನ್ ಕೊಡಿಸಬೇಕು. ಅವು ತಮ್ಮ ನಂಬರು ಬರುವವರೆಗೆ ಹೊರಗಿನ ಬೆಂಚಿನಲ್ಲಿ ಶಿಸ್ತಿನಿಂದ ಕಾಯುತ್ತವೆಂದು ನಾನು ಜಾಮೀನು ನಿಲ್ಲುತ್ತೇನೆ. ಅದೂ ಕಷ್ಟವೆನಿಸಿದರೆ, ಬೆರಳ ಗಂಟುಗಳು ತಮ್ಮ ದೃಷ್ಟಿಗೆ ಬೀಳುವಂತೆ ಅವನ್ನು ಮಿದುಳಿನೊಳಕ್ಕೆ ವರ್ಗಾಯಿಸುವ ಏರ್ಪಾಡು ಮಾಡಬೇಕು. ಇವು ಯಾವುವೂ ಸಾಧ್ಯವಿಲ್ಲವೆಂದು ಕಂಡುಬಂದಲ್ಲಿ, ಕೊನೆಯ ಪಕ್ಷ, ನಾಲ್ಕು ನಿಮಿಷದಲ್ಲಿ ಮೂರೂವರೆಯನ್ನು ಚಿತ್ರಕ್ಕೆ ಕೊಟ್ಟು, ಉಳಿದ ಅರ್ಧ ನಿಮಿಷದಲ್ಲಿ ಎದುರು ಕೂತವರ ಕೈ ಹಿಡಿದು ನೋಡಬೇಕು, ಎಲ್ಲಿ ನೋವು ಎಂದು ಕೇಳಬೇಕು, ಉತ್ತರ ಬರುವವರೆಗೆ ತಡೆಯಬೇಕು. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ರಶೀದಾಬೇಗಂ ಅವರು ಅಂಗಡಿಯ ಬಾಗಿಲು ಅರ್ಧ ಎತ್ತಿಟ್ಟು ಮಾಡಿದ ಕೆಲಸವಿದು.

ಹೀಗೆ ಬರೆದದ್ದರಲ್ಲಿ ತಮ್ಮ ಗೌರವಕ್ಕೆ ಕುಂದು ತರುವ ಉದ್ದೇಶ ಒಂದಿಷ್ಟೂ ಇಲ್ಲ. ಸಿಟ್ಟು ಮಾತ್ರ ಒಂದಿಷ್ಟಿದೆ. ಮುಂದಿನ ಶಿಬಿರಕ್ಕೂ ನಾನು ತಮ್ಮಲ್ಲಿಗೇ ಬರುತ್ತೇನೆ, ಏಕೆಂದರೆ ನನ್ನ ಮಿದುಳನ್ನು ತಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಇಂತು, ಓರೆ ಅಕ್ಷರದಲ್ಲಿಯೂ ನೆಟ್ಟಗೆ ಬರೆಯಲೆತ್ನಿಸಿದ
ತಮ್ಮ ವಿಶ್ವಾಸಿ,
ವಿಮಲಾಬಾಯಿ, ಚಿತ್ತಾಪುರ

ಮರೆತ ಮಾತು: ಚಿಮ್ಮನಚೋಡದ ಯಶೋಧರಾ ಎಂಬ ಇಪ್ಪತ್ತಾರು ವರ್ಷದ ಹೆಣ್ಣುಮಗಳು, ಎಂ.ಎಸ್.ಗಾಗಿ ತಮ್ಮಲ್ಲಿಯೇ ತೋರಿಸಿಕೊಳ್ಳುವವಳು, ಕಳೆದ ವಾರ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಮೊಣಕಾಲು ಊದಿದೆ ಎಂದು ತಮಗೆ ಎರಡು ಸಲ ಹೇಳಿದ್ದಾಳಂತೆ; ತಾವು ಕೊಟ್ಟ ಉತ್ತರವನ್ನು ಆಕೆ ಹೇಳುವ ಮೊದಲೇ ನಾನು ಹೇಳಿದೆ. ಆಕೆಯ ಪರವಾಗಿ ಒಂದು ಅರ್ಜಿ ಬರೆದುಕೊಟ್ಟಿದ್ದೇನೆ, ಬರುವ ಭಾನುವಾರ ತಮ್ಮ ಕೈಗೇ ಕೊಡುತ್ತಾಳೆ. ಅದರಲ್ಲಿ ಇರುವುದು ಒಂದೇ ಸಾಲು, 'ಮೊಣಕಾಲನ್ನು ಮುಟ್ಟಿ ನೋಡಬೇಕಾಗಿ ವಿನಂತಿ'. ಈ ಸಲ 'ಅಭ್ಯಂತರವಿಲ್ಲ' ಎಂದು ಬರೆದರೆ ನಮ್ಮ ಅಭ್ಯಂತರವೂ ಇಲ್ಲ, ಆದರೆ ಮುಟ್ಟಿದ ಮೇಲೆ ಬರೆಯಬೇಕು.